ಅಪ್ಪನ ಫೋನಿಗೆ ಬೇಕಿದ್ದ ಸೈಜು

"ನಮ್ಮ ಮನ್ಯಾಗ ಡಿಗ್ರಿ ಆಗಂಗಿಲ್ಲ" ಎಂದವನು ನನ್ನ ಅಪ್ಪನೇ. ಬೈದು ಹೇಳಿದ್ದಲ್ಲ. ಯಾದಗಿರಿ ಕಡೆಯಿಂದ ಬಂದು ಬೆಂಗಳೂರಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದ ಮರುದಿನದಿಂದ ಇಟ್ಟಿಗೆ, ಸಿಮೆಂಟು ಹೊತ್ತವನು, ತಾನು ಕಂಡದ್ದನ್ನು ಹೇಳಿದ್ದ. ನಾನು ಹಗಲು ಹೊಸ ತಿಪ್ಪಸಂದ್ರದ ಒಂದು ಸಣ್ಣ ಆಫೀಸಿನಲ್ಲಿ ದುಡಿದು, ಸಂಜೆ ಕಾಲೇಜಿಗೆ ಹೋಗಿ ಡಿಗ್ರಿ ಮುಗಿಸಿದೆ. ಎರಡು ಸಲ ಫೇಲಾದರೂ ಬಿಡಲಿಲ್ಲ. ಇದನ್ನು ಈಗಲೂ ತಲೆಯೆತ್ತಿಯೇ ಹೇಳುತ್ತೇನೆ.

ಸಮಾರಂಭಗಳನ್ನು ಜನರ ಫೋನುಗಳಿಗೆ ನೇರವಾಗಿ ತಲುಪಿಸುವುದು ನಮ್ಮ ಆಫೀಸಿನ ಕೆಲಸ. ಕ್ಯಾಮೆರಾದಿಂದ ಬರುವುದು ಒಂದೇ ವಿಡಿಯೊ. ನೋಡುವವರ ಫೋನು, ನೆಟ್‌ವರ್ಕು ಮಾತ್ರ ಒಂದೊಂದು ಥರ; ಹಳೇ ಫೋನು, ನಿಧಾನದ ನೆಟ್ಟಿನಲ್ಲಿ ಸಣ್ಣ ಸೈಜಷ್ಟೇ ಓಡುತ್ತದೆ. ಆದ್ದರಿಂದ ಅದನ್ನು ಆಗಿಂದಾಗಲೇ ನಾಲ್ಕು ಸೈಜಿಗೆ ಇಳಿಸಬೇಕು. ಅದಕ್ಕಾಗಿ ಕ್ಲೌಡ್‌ನಲ್ಲಿ, ಎಲ್ಲೋ ದೂರ ಇರುವ ಒಂದು ಯಂತ್ರವನ್ನು ಕಾರ್ಯಕ್ರಮದ ಮಟ್ಟಿಗೆ ಬಾಡಿಗೆಗೆ ಹಿಡಿಯುತ್ತಿದ್ದೆವು. ವಿಡಿಯೊ ಕೆಲಸಕ್ಕೆಂದೇ ಮಾಡಿದ ಚಿಪ್ ಅದರಲ್ಲಿರುತ್ತದೆ. ನಾನಂತೂ ಅದನ್ನು ಕಣ್ಣಾರೆ ಕಂಡಿಲ್ಲ.

ಕಟ್ಟಡದ ಸಾರವೆಯಿಂದ ಬಿದ್ದು ಬೆನ್ನು ಹೋದ ಮೇಲೆ ಅಪ್ಪ ರಾಮಮೂರ್ತಿ ನಗರದ ಶೀಟಿನ ಕೋಣೆಯಲ್ಲಿ ಮಲಗಿದ್ದಲ್ಲೇ ಇದ್ದ. ಒಂದು ದಿನ ಅವನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ.

"ಅಂದ್ರ ಕ್ರಷರ್ ಬಿಡು" ಎಂದ. "ಒಂದ ಕಲ್ಲ ಹಾಕಿದ್ರ ನಾಕ್ ನಮೂನಿ ಜಲ್ಲಿ. ನನ್ನ ಫೋನಿಗಿ ಯಾವ್ದು?"

"ಎಲ್ಲಾದಕ್ಕಿಂತ ಸಣ್ಣದು."

"ನಮ್ಗ ಯಾವಾಗ್ಲೂ ಅದೇ ಬಿಡವ್ವ" ಎಂದು ನಕ್ಕ.

ನಮ್ಮ ಕಾಲೇಜಿನ ಪದವಿ ಪ್ರದಾನದ ಕೆಲಸ ನಮ್ಮ ಆಫೀಸಿಗೇ ಬಂತು. ಅಪ್ಪನ ಹತ್ತಿರ ಯಾರಾದರೂ ಇರಲೇಬೇಕಾದ್ದರಿಂದ ಅವ್ವನೂ ಬರುವಂತಿರಲಿಲ್ಲ. "ಕಾಗದ ಕೊಡೂ ಮುಂದ ಒಮ್ಮಿ ಕ್ಯಾಮೆರಾ ಕಡಿ ನೋಡು" ಎಂದ ಅಪ್ಪ. "ನನ್ನೇ ನೋಡ್ಲಾಕತ್ತಿ ಅನ್ಕೋತೀನಿ."

ಹಿಂದಿನ ದಿನ ಆ ಯಂತ್ರವನ್ನು ಸಜ್ಜು ಮಾಡಿದವಳು ನಾನೇ. ನನ್ನ ಮುಖ, ಆ ಕಪ್ಪು ಗೌನು, ಎಲ್ಲ ನಿಚ್ಚಳವಾಗಿ ಕಾಣಲೆಂದು ಇನ್ನೂ ದೊಡ್ಡದೊಂದು ಸೈಜನ್ನು ಸೇರಿಸಿದೆ. ಭಾರ ಹೆಚ್ಚಾಗಿ ಚಿತ್ರ ತಡೆತಡೆದು ಬರತೊಡಗಿತು. ಒಂದನ್ನು ಬಿಡಲೇಬೇಕಾಯಿತು.

"ಚಿಕ್ಕದು ಇರ್ಲಿ ಕಣೇ, ಯಾರಿಗಾದ್ರೂ ಬೇಕಾಗುತ್ತೆ" ಎಂದಳು ಪಕ್ಕದ ಕುರ್ಚಿಯ ಗೆಳತಿ.

"ಯಾವ ಕಾಲದಲ್ಲಿದೀಯ ಗುರು? ಅದನ್ನ ಈಗ ಯಾರ್ ನೋಡ್ತಾರೆ?" ಎಂದು ತೆಗೆದುಬಿಟ್ಟೆ.

ಅಪ್ಪನ ಫೋನು ನೆನಪಿಗೇ ಬರಲಿಲ್ಲ. ಆ ದಿನ ಬೆಳಿಗ್ಗೆ ಅದೇ ಕೋಣೆಯಿಂದ ಎದ್ದು ಬಂದವಳು ನಾನು.

ಮರುದಿನ ವೇದಿಕೆಯ ಮೇಲೆ ಕಾಗದ ಕೈಗೆ ಬಂದಾಗ ಕ್ಯಾಮೆರಾ ಕಡೆ ತಿರುಗಿ ನಕ್ಕೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನಿಂತಿದ್ದೆನೇನೋ, "ನಡೀರಿ ಮೇಡಂ, ಫೋಟೊ ಆಯ್ತು" ಎಂದು ಹಿಂದಿನವರು ರೇಗಿದರು.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಹೇಳಿದಳು. ಅಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದಳಂತೆ. ಕೂತರೆ ಅವನಿಗೆ ಜೀವ ಹೋಗುವಂಥ ನೋವು. ಕಾರ್ಯಕ್ರಮ ಮುಗಿಯುವವರೆಗೂ ಫೋನಿನಲ್ಲಿ ಬರಿಯ ಚಕ್ರ ತಿರುಗಿತ್ತು, ಚಿತ್ರ ಬಂದಿರಲಿಲ್ಲ. "ನಾನೇ ಏನರ ತಪ್ಪ ಒತ್ತಿದ್ನೇನ" ಎನ್ನುತ್ತಾ ಅಪ್ಪ ಅದನ್ನು ಅಂಗಿಗೆ ಒರೆಸಿ ಒರೆಸಿ ನೋಡಿದನಂತೆ.

ರೆಕಾರ್ಡಿಂಗ್ ತೋರಿಸುತ್ತೇನೆ ಎಂದೆ. "ಆಗಿ ಹೋದದ್ದು ಈಗೇನ್ ನೋಡೂದು" ಎಂದ. ತಪ್ಪು ನನ್ನದು ಎನ್ನಲು ಅವತ್ತು ಬಾಯಿ ಬರಲಿಲ್ಲ. ಮುಂದೆ ಅಪ್ಪ ಹೋಗುವವರೆಗೂ ಬರಲಿಲ್ಲ.

ಪ್ರಮಾಣಪತ್ರವನ್ನು ಅವನ ಕೈಗಿಟ್ಟೆ. ಓದಲು ಬಾರದವನು ಅದರ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದ, ಹೊಸ ಗೋಡೆಯ ಮೂಲೆ ನೇರ ಬಂದಿದೆಯೇ ಎಂದು ನೋಡುವ ಹಾಗೆ.

"ಈ ಕಡಿ ನೋಡಿದ್ಯೇನವ್ವ?"

"ನೋಡೀನಪಾ."

"ನಾನೂ ಆ ಕಡಿನೇ ನೋಡಕೋತ ಕುಂತಿದ್ದೆ."