ಬೀಗರ ರಮ್ಮಿನಲ್ಲಿ ದೋಷವಿರಲಿಲ್ಲ

ಶಿವಪ್ಪ ಬೀಗರೇ, ಆ ದಿನ ನಿಮ್ಮ ರಮ್ಮಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ನಮ್ಮವರ ನಾಲಿಗೆಯಲ್ಲಿ— ಆ ನಾಲಿಗೆಯನ್ನು ಕೆಡಿಸಿದವಳು ನಾನು. ಎರಡು ವರ್ಷ, ಒಂದೊಂದೇ ಪರ್ಸೆಂಟಿನಂತೆ, ಲೆಕ್ಕ ಹಾಕಿ ಕೆಡಿಸಿದೆ. ಇಷ್ಟು ಬರೆಯಲು ನನಗೆ ಆರು ವರ್ಷ ಬೇಕಾಯಿತು.

ನಮ್ಮವರು ಅಬಕಾರಿ ಇನ್ಸ್‌ಪೆಕ್ಟರ್ ಆಗಿದ್ದವರು. ಒಂದು ಗುಟುಕಿನಲ್ಲೇ ಎಷ್ಟು ನೀರು ಬೆರೆತಿದೆ ಎಂದು ಹೇಳಬಲ್ಲೆ ಎಂಬುದು ಅವರಿಗಿರುವ ಒಂದೇ ಒಂದು ಹೆಮ್ಮೆ. ರಿಟೈರ್ ಆದಾಗ ಗೆಳೆಯರು ಕೊಟ್ಟ ಹೈಡ್ರೋಮೀಟರು— ಮದ್ಯದಲ್ಲಿ ತೇಲಿಬಿಟ್ಟರೆ ಅದರ ಸ್ಟ್ರೆಂಗ್ತ್ ತೋರಿಸುವ ಗಾಜಿನ ಕೊಳವೆ— ಶೋಕೇಸಿನಲ್ಲಿ ಮಲಗಿಯೇ ಇತ್ತು. “ಅದ್ಯಾಕ ಬೇಕು, ನನ್ನ ನಾಲಿಗಿ ಐತೆಲ್ಲ” ಅನ್ನುತ್ತಿದ್ದರು.

ಲಿವರ್ ನೋಡಿದ ಡಾಕ್ಟರು ಕುಡಿತ ಇಳಿಸಿ ಎಂದರು. ಇವರು ಡಾಕ್ಟರನ್ನೇ ಬದಲಾಯಿಸಿದರು. ಆಗ ನನಗೆ ಕಾನ್ವೆಂಟಿನ ಅರಿತ್‌ಮೆಟಿಕ್ ನೆನಪಾಯಿತು— ಹಾಲಿನವನು ಇಷ್ಟು ಸೇರು ಹಾಲಿಗೆ ಇಷ್ಟು ನೀರು ಬೆರೆಸಿದರೆ, ಎಂಬ ಆ ಲೆಕ್ಕಗಳು. ಅದರಲ್ಲಿ ನನಗೆ ಯಾವಾಗಲೂ ಫುಲ್ ಮಾರ್ಕ್ಸ್. ಹಾಲಿನವನು ಮಾಡುವುದು ಪಾಪ ಎಂದೂ ಸಿಸ್ಟರ್ ಹೇಳಿರಬೇಕು— ಆ ಭಾಗ ಮಾತ್ರ ನೆನಪಿಗೆ ಬರಲಿಲ್ಲ.

ಹೊಸ ಬಾಟಲಿ ತಂದರೆ ಅದನ್ನು ಡಿಕ್ಯಾಂಟರೆಂಬ ಗಾಜಿನ ಹೂಜಿಗೆ ಸುರಿಯುವ ಕೆಲಸ ನನ್ನದು. ಬಾಟಲಿಯನ್ನು ಟೇಬಲ್ ಮೇಲಿಡುವುದು ಬ್ಯಾಡ್ ಮ್ಯಾನರ್ಸ್ ಎಂದು ಮದುವೆಯಾದ ಹೊಸದರಲ್ಲೇ ರೂಲು ಮಾಡಿದ್ದೆ. ಏಳುನೂರೈವತ್ತು ಎಂ.ಎಲ್. ಬಾಟಲಿ, ಲೇಬಲ್ಲಿನ ಮೇಲೆ ಆಲ್ಕೋಹಾಲು 42.8 ಪರ್ಸೆಂಟ್. ನಲವತ್ತಕ್ಕೆ ಇಳಿಸಬೇಕೆ? ನಲವತ್ತನ್ನು ಏಳುನೂರೈವತ್ತರಿಂದ ಗುಣಿಸಿ, 42.8ರಿಂದ ಭಾಗಿಸಿ. ಏಳುನೂರೊಂದು ರಮ್ಮು, ಮಿಕ್ಕ ನಲವತ್ತೊಂಬತ್ತು ಕಾಯಿಸಿ ಆರಿಸಿದ ನೀರು. ಬಣ್ಣಕ್ಕೆ ಸುಟ್ಟ ಸಕ್ಕರೆ. ಎರಡು ತಿಂಗಳಾದ ಮೇಲೆ ಮೂವತ್ತೊಂಬತ್ತು— ಮತ್ತೆರಡು ತಿಂಗಳಿಗೆ ಮೂವತ್ತೆಂಟು— ಹೀಗೆ ಇಪ್ಪತ್ತೆಂಟಕ್ಕೆ ಬಂದು ನಿಂತೆ. ಆಗ ನೀರೇ ಇನ್ನೂರೈವತ್ತೊಂಬತ್ತು.

ಇವರು ಪ್ರತಿ ಸಂಜೆ ನಾಲಿಗೆ ಚಪ್ಪರಿಸಿ, “ಫಸ್ಟ್ ಕ್ಲಾಸ್ ಸ್ಟ್ರೆಂಗ್ತ್. ಆ ಅಂಗಡ್ಯಾಂವ ನನಗ ಮೋಸ ಮಾಡಂಗಿಲ್ಲ, ಅಂಜ್ತಾನ” ಅನ್ನುತ್ತಿದ್ದರು. ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದ ನನಗೆ ಒಳಗೊಳಗೇ ಖುಷಿ. ನಿಜ ಹೇಳಬೇಕೆಂದರೆ, ಲಿವರಿನ ಚಿಂತೆಗಿಂತ ಆ ಖುಷಿಯೇ ಹೆಚ್ಚಾಗಿತ್ತೇನೋ—

ಆಮೇಲೆ ನಮ್ಮ ಮೊಮ್ಮಗನ ಜಾವಳ ಬಂತು. ಊಟಕ್ಕೆ ಮೊದಲು ಗಂಡಸರೆಲ್ಲ ನಿಮ್ಮ ಮಹಡಿ ಕೋಣೆ ಸೇರಿದಿರಿ. ನಾನು ಮಿರ್ಚಿ ಭಜಿ ತಟ್ಟೆ ಹಿಡಿದು ಬಾಗಿಲಿಗೆ ಬರುವುದಕ್ಕೂ ಇವರು ಮೊದಲ ಗುಟುಕು ಉಗುಳುವುದಕ್ಕೂ ಸರಿಹೋಯಿತು.

“ಯಾರೂ ಕುಡೀಬ್ಯಾಡ್ರಿ. ಇದು ಕಳ್ಳ ಸ್ಪಿರಿಟ್ ಐತಿ. ಬೀಗರ, ನಮ್ಮನ್ನ ಮಣ್ಣು ಮಾಡಾಕ ಕರ್ಸೀರೇನು?”

“ಗಂಗಾವತ್ಯಾಗ ನೀವು ತರೋ ಅಂಗಡ್ಯಾಗ ತಂದದ್ದರಿ, ನೀವು ಕುಡಿಯೋ ಮಾಲೇ” ಎಂದಿರಿ ನೀವು. ಬಿಲ್ಲನ್ನೂ ತೋರಿಸಿದಿರಿ.

“ಬಿಲ್ ಯಾರರ ಬರೀತಾರ. ನನ್ನ ನಾಲಿಗಿ ಮೂವತ್ತು ವರ್ಷ ಸರ್ವಿಸ್ ಮಾಡೈತಿ.”

ನಿಮ್ಮ ಕಾಕಾರು ಗಂಟಲಿಗೆ ಬೆರಳು ಹಾಕಿಕೊಂಡು ಹೊರಗೆ ಓಡಿದರು. ನಾನು ತಟ್ಟೆ ಹಿಡಿದು ನಿಂತೇ ಮನಸ್ಸಿನಲ್ಲಿ ಭಾಗಿಸುತ್ತಿದ್ದೆ— 42.8 ಬೈ ಇಪ್ಪತ್ತೆಂಟು, ಒಂದೂವರೆ ಪಟ್ಟು. ಇಪ್ಪತ್ತೆಂಟಕ್ಕೆ ಒಗ್ಗಿದ ನಾಲಿಗೆ ಉರಿಯದೆ ಇನ್ನೇನು? ಉತ್ತರ ಸಿಕ್ಕಿತು. “ಭಜಿ ಆರ್ತಾವ, ತಗೋರಿ” ಎಂದೆ. ಆ ಹೊತ್ತಿನಲ್ಲಿ ನಾನು ಆಡಿದ ಮಾತು ಅದೊಂದೇ.

ನಿಮ್ಮೂರಿನಲ್ಲಿ ಎಲ್ಲರಿಗೂ ಸಾಹುಕಾರರಾಗಿದ್ದ ನೀವು ಸ್ಪಿರಿಟ್ ಸಾಹುಕಾರರಾದಿರಿ. ಅಂದಿನಿಂದ ನಮ್ಮ ಹೊಸ್ತಿಲು ತುಳಿದಿಲ್ಲ. ನಮ್ಮ ಮಗಳು, ನಿಮ್ಮ ಸೊಸೆ ಗೌರಿ, ಹಬ್ಬಕ್ಕೆ ಒಬ್ಬಳೇ ಬಂದು ಒಬ್ಬಳೇ ಹೋಗುತ್ತಾಳೆ. ಲಿವರ್ ಸುಧಾರಿಸಿದ್ದು ಕಂಡು ಹೊಸ ಡಾಕ್ಟರು ಇವರ ವಿಲ್‌ಪವರ್ ಹೊಗಳಿದರು. ಉಳಿದದ್ದು ಇವರ ಲಿವರ್, ಹೋದದ್ದು ನಿಮ್ಮ ಹೆಸರು.

ಇನ್ನೊಂದು ಮಾತು, ಹೇಳಿಯೇ ಬಿಡುತ್ತೇನೆ. ಡಿಕ್ಯಾಂಟರಿಗೆ ಹಾಕದೆ ಉಳಿಸಿದ ರಮ್ಮನ್ನು ನಾನು ಚೆಲ್ಲುತ್ತಿರಲಿಲ್ಲ. ಡಿಸೆಂಬರಿನಲ್ಲಿ ನಿಮ್ಮ ಮನೆಗೆ ಕಳಿಸುವ ಕೇಕಿನ ಒಣದ್ರಾಕ್ಷಿ ಅದರಲ್ಲೇ ನೆನೆಯುತ್ತಿತ್ತು. “ನಿಮ್ಮ ಕೇಕ್ ತಿಂದ್ರ ಭಾಳ ಛಲೋ ನಿದ್ದಿ ಬರ್ತೈತ್ರಿ” ಎಂದು ಲಿಂಗಪೂಜೆ ತಪ್ಪಿಸದ ಬೀಗಿತಿಯವರು ಹೇಳಿ ಕಳಿಸಿದ್ದರು. ಅವರಲ್ಲಿ ಕ್ಷಮೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಇಷ್ಟು ದಿನ ನನ್ನನ್ನು ತಡೆದದ್ದು ಒಂದೇ. ನಿಮ್ಮ ಹೆಸರು ವಾಪಸು ಕೊಡಬೇಕಾದರೆ ಇವರ ನಾಲಿಗೆಯ ಹೆಮ್ಮೆಯನ್ನು ಕಿತ್ತುಕೊಳ್ಳಬೇಕು. ಈ ವಯಸ್ಸಿನಲ್ಲಿ ಇವರ ಹತ್ತಿರ ಬೇರೆ ಏನಿದೆ? ಆದರೆ ಹೋದ ವಾರ ಗೌರಿ ಹೇಳಿದಳು— ಆ ಬಾಟಲಿಯನ್ನು ನೀವು ಎಸೆದಿಲ್ಲವಂತೆ. ಮುಚ್ಚಳಕ್ಕೆ ಟೇಪು ಸುತ್ತಿ, ಎಂದಾದರೂ ಸಾಕ್ಷಿಗೆ ಬೇಕಾದೀತೆಂದು ಅಲಮಾರಿಯಲ್ಲಿ ಇಟ್ಟಿದ್ದೀರಂತೆ.

ಇವತ್ತು ಬೆಳಿಗ್ಗೆ ಚಹಾ ಕೊಟ್ಟು ಇವರಿಗೆ ಎಲ್ಲ ಹೇಳಿದೆ. ಕೂಗಾಡಲಿಲ್ಲ. “ಎಷ್ಟಕ್ಕ ತಂದಿದ್ದಿ?” ಎಂದರು.

“ಇಪ್ಪತ್ತೆಂಟಕ್ಕರಿ.”

“ನಾ ನಾಲ್ವತ್ತರ ಮ್ಯಾಲ ಐತಿ ಅನ್ಕೊಂಡಿದ್ನೆಲ್ಲ” ಎಂದು ಚಹಾದ ಕಪ್ಪನ್ನೇ ನೋಡುತ್ತ ಕೂತರು. ಆಮೇಲೆ ಎದ್ದು ಶೋಕೇಸು ತೆಗೆದು, ಹೈಡ್ರೋಮೀಟರನ್ನು ಧೋತರದ ಅಂಚಿನಿಂದ ಒರೆಸತೊಡಗಿದರು. ಈ ಪತ್ರ ಬರೆಯುವಾಗಲೂ ಒರೆಸುತ್ತಲೇ ಇದ್ದಾರೆ.

ಭಾನುವಾರ ಇಬ್ಬರೂ ಬರುತ್ತೇವೆ. ಅಂದು ಮಹಡಿಯಲ್ಲಿದ್ದವರನ್ನೆಲ್ಲ ಕರೆಸಿರಿ, ಕಾಕಾರನ್ನೂ. ಟೇಪನ್ನು ನೀವೇ ಬಿಚ್ಚಿರಿ, ಮೀಟರನ್ನು ಅವರೇ ತೇಲಿಬಿಡಲಿ. ನಂಬರನ್ನು ನಾನು ಓದುತ್ತೇನೆ— ಜೋರಾಗಿ.