ಸಿಸಿಲ್ ಅಡ್ಡ ಬಂದ ದಿನ

ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಕಲ್ಲು ತೆಗೆಯಲು ಮೊದಲು ಕರೆಸುವುದು ಪಿಸಾವ್‌ನನ್ನೇ. ತಲೆಯ ಮೇಲೆ ಬಂಡೆ ಅಲುಗಾಡುತ್ತಿದ್ದರೂ ಜಗ್ಗದ ಆಸಾಮಿ. ಆದರೆ ಹಿಡಿಯಷ್ಟೂ ಇಲ್ಲದ ಸಿಸಿಲ್ ಹಕ್ಕಿ ಕಿರುಚುತ್ತ ದಾರಿಗೆ ಅಡ್ಡ ಹಾರಿದರೆ ಸಾಕು, ಬಂದ ಕಾಲಲ್ಲೇ ವಾಪಸು. ತೈವಾನಿನ ಗುಡ್ಡಗಾಡಿನ ನಮ್ಮ ತ್ರುಕು ಜನರ ಕಟ್ಟಳೆ ಅದು. ಸಿಸಿಲ್ ಅಡ್ಡ ಬಂದರೆ ಹೊರಟ ಕೆಲಸ ಆ ದಿನಕ್ಕೆ ಮುಗಿಯಿತು, ಅದರ ಮಾತನ್ನೂ ಎತ್ತಬಾರದು. ಈಗಿನವರು ನಗುತ್ತಾರೆ. ನಗಲಿ, ಹಲ್ಲು ಅವರದ್ದು.

ಹೆಂಡತಿ ರುಬಿಕ್ ಮಗಳು ಇಪಾಯ್‌ಳನ್ನು ಕರೆದುಕೊಂಡು ತೈಪೆ ಸೇರಿ ವರ್ಷಗಳೇ ಆಗಿದ್ದವು. ಪಿಸಾವ್ ಒಬ್ಬನೇ ಬೇಯಿಸಿ, ಒಬ್ಬನೇ ಉಂಡು, ಟಿವಿಯವರನ್ನು ಬೈದು ಮಲಗುತ್ತಿದ್ದ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ತಾಯಿ ಮಗಳು ಎರಡು ದಿನಕ್ಕೆಂದು ಬಂದರು. ಹುಡುಗಿಗೆ ಹಕ್ಕಿಗಳ ಹುಚ್ಚು. ಮೇಲಿನ ಕಾಡಿನಲ್ಲಿ ನೀಲಿ ಕಾಡುಕೋಳಿ ತೋರಿಸಬೇಕು, ಅಲ್ಲೇ ಕುಳಿತು ‘ಇಬ್ಬರೂ ಬಂದುಬಿಡಿ’ ಎಂದು ಕೇಳಬೇಕು, ಇದು ಪಿಸಾವ್‌ನ ಲೆಕ್ಕಾಚಾರ. ಮನೆಯೊಳಗೆ ಕೇಳಿದರೆ ಜಗಳವಾಗುತ್ತದೆಂದು ಅವನಿಗೆ ಗೊತ್ತಿತ್ತು.

ಎರಡನೆಯ ದಿನ ಬೆಳಿಗ್ಗೆಯೇ ಹೊರಟರು. ಚಂಡಮಾರುತಕ್ಕೆ ಬಿದ್ದ ಮರಗಳನ್ನು ದಾಟುತ್ತ ಇಪಾಯ್ ಮುಂದೆ ಓಡುತ್ತಿದ್ದಳು. ಜೀರುಂಡೆಗಳ ಗದ್ದಲದ ನಡುವೆಯೂ ಕುಟ್ರುಹಕ್ಕಿಯ ಕೂಗು ಗುರುತಿಸಿ ಅಪ್ಪನಿಗೆ ಬೆರಳು ತೋರಿಸಿದಳು.

“ತಾಮಾ, ಅಲ್ನೋಡು! ಎಲೇಲಿ ಎಲೆ ಆಗ್ಬಿಟ್ಟಿದೆ.”

“ನಿನ್ನ ತಾಮಾಗೆ ಕಲ್ಲು ಬಿಟ್ರೆ ಏನೂ ಕಾಣಲ್ಲ ಬಿಡೇ,” ಎಂದಳು ರುಬಿಕ್. ಆದರೆ ನಗುತ್ತಿದ್ದಳು. ಆ ನಗು ಕಂಡು ಪಿಸಾವ್‌ಗೆ ಏರು ದಾರಿಯೂ ಸಮತಟ್ಟಾದಂತೆನಿಸಿತು.

ಹಳ್ಳದ ತಿರುವಿನಲ್ಲಿ ಸಿಸಿಲ್ ಚೀರಿತು. ಎಡಗಡೆಯ ಪೊದೆಯಿಂದ ಎದ್ದು, ಮೂಗಿನ ಮುಂದೆಯೇ ಹಾದು, ಬಲಗಡೆಯ ಬಿದಿರಿಗೆ ನುಗ್ಗಿತು.

ಇಪಾಯ್ ನಿಂತಳು. ಪಿಸಾವ್ ಕಂಡೂ ಕಾಣದವನಂತೆ ಇನ್ನೊಂದು ಹೆಜ್ಜೆ ಇಟ್ಟ.

“ತಾಮಾ, ಸಿಸಿಲ್.”

“ಹಕ್ಕಿ ಅಂದ್ಮೇಲೆ ಹಾರದೆ ಈಜುತ್ತಾ? ನಡಿ, ನಡಿ.”

“ನೀನೇ ಹೇಳಿಕೊಟ್ಟಿದ್ದಲ್ವಾ? ಹೆಗಲ ಮೇಲೆ ಕೂರಿಸ್ಕೊಂಡು? ನಾನ್ ಬರಲ್ಲ.”

ರುಬಿಕ್‌ಳ ಮುಖದ ನಗು ಆರಿತು. “ನಮ್ಮವ್ವ ಸಾಯೋ ಹಾಗಿದ್ದಾಗ ನೋಡೋಕೆ ಹೊರಟಿದ್ವಲ್ಲ, ಆವತ್ತೂ ಇದೇ ಹಕ್ಕಿ ಅಡ್ಡ ಬಂತು. ನೀನೇ ನನ್ನ ಕೈ ಹಿಡಿದು ಎಳ್ಕೊಂಡು ವಾಪಸ್ ಬಂದೆ. ಅವಳ ಬಾಯಿಗೆ ನೀರು ಬಿಡೋಕೂ ಆಗ್ಲಿಲ್ಲ ನನ್ನ ಕೈಲಿ. ಇವತ್ತು ಅದು ಬರೀ ಹಕ್ಕಿ ಆಯ್ತಾ?”

ಪಿಸಾವ್ ಕಲ್ಲೊಂದನ್ನು ಎತ್ತಿ ಬಿದಿರಿನತ್ತ ಬೀಸಿದ. “ಹಾಳಾದ್ದು! ಇವತ್ತೇ ಬರಬೇಕಿತ್ತಾ?”

ಅಂದು ಅವನು ನಂಬಿದ್ದ, ಈಗಲೂ ನಂಬಿದ್ದಾನೆ. ಸುಳ್ಳೆನ್ನೋಣವೆಂದರೆ ಅತ್ತೆಯ ಸಾವಿಗೆ ಉತ್ತರ ಕೊಡಬೇಕು, ನಿಜವೆನ್ನೋಣವೆಂದರೆ ಹಿಂದಿರುಗಬೇಕು. ಹಿಂದಿರುಗಿದ. ಇಳಿಯುವಾಗ ಮಗಳ ಕೈ ಹಿಡಿಯಲು ಹೋದ. ಅವಳು ಆಗಲೇ ತಾಯಿಯ ಪಕ್ಕದಲ್ಲಿದ್ದಳು.

ರುಬಿಕ್ ಸಂಜೆಯ ರೈಲಿನ ಬದಲು ಮಧ್ಯಾಹ್ನದ ರೈಲಿಗೇ ಹೊರಟಳು. ನಿಲ್ದಾಣದಲ್ಲಿ ಮಗಳು ನೀರು ತರಲು ಹೋದಾಗ ಅವಳೇ ಕೆಣಕಿದಳು.

“ಏನೋ ಕೇಳೋಕೆ ಅಂತಾನೇ ಮೇಲೆ ಕರ್ಕೊಂಡು ಹೋಗ್ತಿದ್ದೆ. ಬೆಳಿಗ್ಗೆಯಿಂದ ಗಂಟಲು ಕೆರ್ಕೋತಿದ್ದೀಯ. ಕೇಳ್ಬಿಡು.”

“ಇವತ್ತು ಆ ಮಾತು ಎತ್ತಬಾರದು.”

“ನಾಳೆ ನಾವಿರಲ್ಲ, ಪಿಸಾವ್.”

ಅವನು ಹಳಿಗಳನ್ನೇ ನೋಡುತ್ತ ನಿಂತ. ರುಬಿಕ್ ಸ್ವಲ್ಪ ಹೊತ್ತು ಕಾದಳು. ಕಾದಳು ಎಂಬುದು ಅವನಿಗೂ ತಿಳಿಯಿತು. ಆಮೇಲೆ ಚೀಲ ಎತ್ತಿಕೊಂಡಳು.

ರೈಲು ಬಂತು, ಹತ್ತಿದರು. ಇಪಾಯ್ ಕಿಟಕಿಯಿಂದ ಕೈ ಬೀಸಿದಳು. ರೈಲು ಸುರಂಗ ಹೊಕ್ಕ ಮೇಲೆ ಪಿಸಾವ್‌ನ ಬಾಯಿಂದ ಮಾತು ತಾನಾಗಿ ಹೊರಬಿತ್ತು, ಅದೂ ಗಟ್ಟಿಯಾಗಿ:

“ಇಬ್ಬರೂ ಬಂದುಬಿಡಿ.”

ಕಸ ಗುಡಿಸುತ್ತಿದ್ದ ಮುದುಕ ತಿರುಗಿ ನೋಡಿದ. “ಯಾರನ್ನ ಕರೀತಿದ್ದೀಯಪ್ಪಾ?”

“ನಿನ್ನನ್ನಲ್ಲ. ಗುಡಿಸು,” ಎಂದು ಗದರಿದ ಪಿಸಾವ್. ಗದರಿದವನು ಅಲ್ಲಿಂದ ಕದಲಲಿಲ್ಲ. ಮುದುಕ ಅವನ ಕಾಲ ಸುತ್ತ ಗುಡಿಸಿಕೊಂಡು ಮುಂದೆ ಹೋದ.