ಕಂಬದ ಮನೆಯವರು ಮತ್ತು ಇಬ್ರಾದ ಆಡು

ಅಮೆರಿಕದ ಜಮೀನ್ದಾರರು ನನ್ನನ್ನು ಕೇಳದೆ ಬೇಲಿ ಹಾಕುತ್ತಿರಲಿಲ್ಲ ಅಂತ ಊರಲ್ಲಿ ಹೇಳಿಕೊಂಡು ತಿರುಗುವವನು ನಾನು. ಇವತ್ತು ಪಕ್ಕದ ಮನೆಯಲ್ಲಿ ಆಡಿನ ಹಾಲು ಉಕ್ಕಿದ ವಾಸನೆಗೆ, ಒಮಾನಿನ ಇಬ್ರಾದಲ್ಲಿದ್ದ ಮಾವನ ಅಂಗಡಿ ನೆನಪಾಯಿತು.

ಊರ ಶಾಲೆ ಮುಗಿಸಿ ಅಲ್ಲಿಗೆ ಹೋದ ಹುಡುಗ ನಾನು. ಗಿರಾಕಿಯಾಗಿದ್ದ ಅಮೆರಿಕದ ಸಾಹೇಬ ಒಂದು ಫೋಟೊ ತೋರಿಸಿ, "ನಮ್ಮ ಹಳೇ ಫಾರ್ಮ್" ಅಂದ. ಬಿಳಿ ಕಂಬಗಳ ದೊಡ್ಡ ಮನೆ, ಜಗಲಿಯಲ್ಲಿ ಕಾಲು ಚಾಚಿದ ಯಜಮಾನರು.

"ಮಾವ, ಈ ಸೋಮಾರಿಗಳ ವಂಶದವನಿಗೆ ಹಾಲು ಕರೆಯಲಿಕ್ಕೆ ಬರ್ತದಾ ಕೇಳಿ. ಬರೋದಿಲ್ಲ ಅಂತ ನನ್ನ ದುಡ್ಡು ಪಂದ್ಯಕ್ಕೆ!" ಅಂದೆ ನಾನು.

"ಇದ್ದದ್ದೂ ಹೋದೀತು, ಸುಮ್ಮನಿರು ಮಾರಾಯ," ಎನ್ನುತ್ತಲೇ ಮಾವ ಕೇಳಿದರು.

ಸಾಹೇಬ ಅಂಗಡಿಯ ಹಿತ್ತಲಲ್ಲಿ ಕಟ್ಟಿದ್ದ ಆಡಿನ ಪಕ್ಕ ಕುಕ್ಕರಿಸಿ ಚೊಂಬು ತುಂಬಿಸಿದ. "ಯಜಮಾನರು ಕುಡಿದರು, ಕರೆದದ್ದು ಅವರ ಮನೆಯ ಆಳು, ನನ್ನಜ್ಜಿ. ಖಲಾಸ್, ದುಡ್ಡು ಕೊಡು!"

ಆ ಕಂಬದ ಮನೆಯವರು ಸೋಮಾರಿಗಳೆಂದದ್ದು ಸರಿಯೇ ಆಯಿತು, ಥೂ! ಪಂದ್ಯದಲ್ಲಿ ಸಾವಿರ ರಿಯಾಲ್ ಹೋಯಿತೆಂದು ಊರಿಡೀ ಹೇಳಿದ್ದೇನೆ. ಹೋದದ್ದು ಅರ್ಧ ರಿಯಾಲ್. ಇದ್ದದ್ದೂ ಅಷ್ಟೇ.